ಉಪ್ಪಿನ ತಮ್ಮ

ಸೋಹಾರಿನ ಆಗಸ್ಟಿಗೆ ರಾತ್ರಿಯೆಂಬುದಿಲ್ಲ,
ದೀಪ ಆರಿಸಿದ ಹಗಲು ಅಷ್ಟೇ.
ಹನ್ನೊಂದೂಮುಕ್ಕಾಲು. ಇನ್ನೇನು ಷಟರ್ ಎಳೆಯಬೇಕು,
ಲಾಲಸಾಬ ನದಾಫ್ ಕೌಂಟರಿನ ಮುಂದೆ ನಿಂತಿದ್ದ.
ಒಂದು ರಿಯಾಲಿನ ನೋಟು ಅವನ ಬೆರಳ ತುದಿಯಲ್ಲಿ
ಗಾಳಿಯಿಲ್ಲದೆ ಅಲುಗುತ್ತಿತ್ತು.

"ಕೈ ನಡಗತಾವ್ರೀ ಅಕ್ಕಾರ, ಚಾದ ಕಪ್ಪು ನಿಲ್ಲವಲ್ದು.
ಶಕ್ತಿ ಗುಳಿಗಿ ಏನರ ಇದ್ರ ಕೊಡ್ರಿ."
ಮಾತು ನಾಲಿಗೆಯ ಮೇಲೆ ದಪ್ಪಗೆ ಹೊರಳುತ್ತಿತ್ತು
ಕುಡಿದವನ ಹಾಗೆ. ಕುಡಿಯುವವನಲ್ಲ.

ಬೇರೇನು ತಗೋತೀರಿ ಎಂದೆ. ಏನಿಲ್ಲ ಎಂದ.
ಮತ್ತೆ ಕೇಳಿದೆ. ಚಿಲ್ಲರೆ ಎಣಿಸಿದ.
ಮೂರನೆಯ ಸಲಕ್ಕೆ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು,
ಅಜಿವಾನದ ಡಬ್ಬಿ ತೆಗೆದು ಗಾಜಿನ ಮೇಲಿಟ್ಟ.
ಕಾಳಿನ ನಡುವೆ ಬಿಳಿ ಗುಳಿಗೆ,
ಒಂಬತ್ತು ವರ್ಷದ ಹಿಂದೆ ವಿಜಯಪುರದ ಡಾಕ್ಟರು ಬರೆದದ್ದು,
ಊರಿಂದ ಬರುವವರ ಕೈಯಲ್ಲಿ ತರಿಸಿಕೊಂಡದ್ದು.
"ಕಂಪನಿಗೆ ಗೊತ್ತಾದ್ರ ತಲಿ ಕೆಟ್ಟಾಂವ ಅಂತ
ತಿಕೀಟ ತಗದು ಕೈಯಾಗ ಕೊಡ್ತಾರ್ರೀ."

ಲಿಥಿಯಂ.

ಉಳಿದ ಗುಳಿಗೆಗಳನ್ನು ಯಕೃತ್ತಿನ ಚೆಕ್‌ಪೋಸ್ಟಿನಲ್ಲಿ ತಡೆದು
ಗಂಟು ಬಿಚ್ಚಿಸಿ, ವೇಷ ಬದಲಿಸಿ ಕಳಿಸುತ್ತಾರೆ.
ಇವನನ್ನು ಯಾರೂ ಮುಟ್ಟುವುದಿಲ್ಲ.
ಹೇಗೆ ಬಂದನೋ ಹಾಗೇ ನೀರಿನ ಜತೆ ಮೈಯೆಲ್ಲ ಸುತ್ತುತ್ತಾನೆ;
ಮಿದುಳಿನ ಹೊಸ್ತಿಲಲ್ಲಿ ತುಸು ಹೊತ್ತು ತಡವರಿಸಿ,
ದಾಟಿದ ಮೇಲೆ ಏಳಲು ಮನಸ್ಸಿಲ್ಲದೆ ಕೂರುತ್ತಾನೆ.
ಹೊರಹೋಗಲು ಇರುವುದು ಮೂತ್ರಪಿಂಡದ ಬಾಗಿಲೊಂದೇ.
ಅಲ್ಲಿ ಕಾಯುವವನಿಗೆ ಇವನ ಗುರುತಿಲ್ಲ,
ಉಪ್ಪಿನ ಗುರುತುಂಟು.
ಅಣ್ಣನ ಹಾಗೇ ಇದ್ದಾನೆ ತಮ್ಮ.

ಲಾಲಸಾಬ ಸ್ಮೆಲ್ಟರಿನ ಪಕ್ಕ ಸಾರವೆಯ ಮೇಲೆ.
ಸಂಜೆ ಇಳಿದಾಗ ಅಂಗಿಯ ಬೆನ್ನಲ್ಲಿ
ಒಣಗಿದ ಉಪ್ಪಿನ ನಕಾಶೆ.
ಇಷ್ಟು ಸೋರಿ ಹೋಯಿತೆಂದರೆ ಒಳಗಿನ ಕಾವಲಿನವ ಕಂಗಾಲು,
ಉಪ್ಪೆಂದು ಕಂಡದ್ದನ್ನೆಲ್ಲ ರಟ್ಟೆ ಹಿಡಿದು ಒಳಕ್ಕೆಳೆಯುತ್ತಾನೆ.
ಅಣ್ಣನಿಗೆಂದು ಚಾಚಿದ ಕೈಗೆ
ತಮ್ಮ ಸಿಗುತ್ತಾನೆ.
ನುಂಗುವುದು ಅದೇ ದಿನಕ್ಕೆರಡು ಗುಳಿಗೆ,
ರಕ್ತದಲ್ಲಿ ಮಾತ್ರ
ಮಳೆ ಬೀಳದೆ ಬಾವಿ ತುಂಬುತ್ತದೆ.

ಇಷ್ಟೇ ಆಗಿದ್ದರೆ ಸೆಕೆಯ ತಲೆಗೆ ಕಟ್ಟಿ ಸುಮ್ಮನಿರುತ್ತಿದ್ದೆ.
ಅವನ ಫೋನ್ ನಂಬರು ಒತ್ತಿದೆ.
ಜೂನ್ ಹದಿನೇಳು, ಜುಲೈ ಎರಡು, ಜುಲೈ ಇಪ್ಪತ್ತು.
ಸೊಂಟನೋವಿಗೆ ಐಬುಪ್ರೊಫೇನ್, ನಾನೂರರದು, ಎರಡೆರಡು ಪಟ್ಟಿ.
ಆ ಒಂದೇ ಬಾಗಿಲನ್ನೂ ಅರ್ಧ ಮುಚ್ಚುವ ಮಾತ್ರೆ.
ಮಾರಿದವರು: ಫ್ಲೊರಿನ್ ಕರ್ಕಡ.
ಅದು ನಾನು. ಮೂರು ಸಲವೂ
ನಾನು ಕೇಳಿದ ಪ್ರಶ್ನೆ ಒಂದೇ:
ಚೀಲ ಬೇಕಾ?

ಆಂಬುಲೆನ್ಸು ಬರುವಷ್ಟರಲ್ಲಿ ಎರಡು ಸಲ ವಾಂತಿ.
ಆಸ್ಪತ್ರೆಯಲ್ಲಿ ಉಪ್ಪುನೀರು ಹನಿಹನಿಯಾಗಿ ಇಳಿಯಿತು.
ಅಣ್ಣ ಬಂದ; ತಮ್ಮನ ರಟ್ಟೆ ಬಿಟ್ಟರು.
ಹೆಚ್ಚುಕಮ್ಮಿ ದಿನಕ್ಕೊಂದರ್ಧ ಹೋಗುತ್ತದೆ,
ಮರುದಿನ ಉಳಿದರ್ಧದ ಅರ್ಧ.
ನಾಲ್ಕನೆಯ ದಿನ ಅವನು ಚಹದ ಕಪ್ಪು ಎತ್ತಿ ತೋರಿಸಿದ,
ಶಾಲೆಯಲ್ಲಿ ಸ್ಲೇಟು ತೋರಿಸುವ ಹಾಗೆ.
"ಎಲ್ಲಾ ಹೋತೇನ್ರೀ?"

ಲೆಕ್ಕದಲ್ಲಿ ಸೊನ್ನೆ ಬರುವುದೇ ಇಲ್ಲ.
ಐದು ಅರ್ಧಗಳಾದ ಮೇಲೆ
ಹೋಯಿತೆಂದು ನಾವು ಒಪ್ಪಿಕೊಳ್ಳುತ್ತೇವೆ.
ಅದನ್ನೆಲ್ಲ ಹೇಳಲಿಲ್ಲ. ಹೋತು ಎಂದೆ, ಅವನ ಮಾತಿನಲ್ಲೇ.

ಡಿಸ್ಚಾರ್ಜ್ ಕಾಗದದಲ್ಲಿ ಔಷಧದ ಹೆಸರಿತ್ತು.
ಕಾಗದ ಕ್ಯಾಂಪಿನ ಆಫೀಸಿಗೆ ಹೋಯಿತು.
ಅಕ್ಟೋಬರಿನಲ್ಲಿ ಆ ನಂಬರು ಬಂದ್.

ಈಗ ತಲೆನೋವಿಗೆಂದು ಬಂದವರನ್ನೂ ನಿಲ್ಲಿಸಿ ಕೇಳುತ್ತೇನೆ.
ಸಾಲು ಬೆಳೆಯುತ್ತದೆ, ಮ್ಯಾನೇಜರು ಗಡಿಯಾರ ನೋಡುತ್ತಾನೆ.
ಜೂನ್ ಹದಿನೇಳರ ಬಿಲ್ಲನ್ನು ಇನ್ನೊಮ್ಮೆ ಪ್ರಿಂಟು ಹಾಕಿ
ಡ್ರಾಯರಿನಲ್ಲಿಟ್ಟಿದ್ದೇನೆ.
ಶಾಖದಿಂದ ಅಚ್ಚಾಗುವ ಕಾಗದ, ತಾನಾಗಿ ಮಾಸುತ್ತದೆ.
ತಾರೀಖು ಹೋಗಿದೆ. ದರ ಅರ್ಧ ಹೋಗಿದೆ.
ಕೆಳಗಿನ ಹೆಸರು
ಬೆಳಕಿಗೆ ಹಿಡಿದರೆ ಇನ್ನೂ ಕಾಣುತ್ತದೆ.